ನಿಮಗಿದು ಗೊತ್ತೇ? ಹುಲ್ಲಿಗೆ ಮರಳಿದ ಕಾಡುಕುದುರೆ

ಕುದುರೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಲಗಾಮು, ಜೀನು, ಜಟಕಾಗಾಡಿ, ದಸರಾ ಮೆರವಣಿಗೆಯ ಅಶ್ವದಳ. ಇವಾವುದರ ಹಂಗೂ ಇಲ್ಲದ ಕುದುರೆಯೊಂದು ಮಧ್ಯ ಏಷ್ಯಾದ ಬಯಲಿನಲ್ಲಿದೆ. ಸುಮಾರು ಇಪ್ಪತ್ತು ವರ್ಷ ಕಾಲ ಅದು ಆ ಬಯಲಿನಿಂದ ಪೂರ್ತಿ ಮಾಯವಾಗಿತ್ತು. ಭೂಮಿಯ ಮೇಲೆ ಉಳಿದಿದ್ದು ಮೃಗಾಲಯಗಳ ಬೇಲಿಯೊಳಗೆ ಮಾತ್ರ. ಈಗ ಮತ್ತೆ ತನ್ನ ನೆಲದಲ್ಲೇ ಮೇಯುತ್ತಿದೆ.

• ಮಂಗೋಲಿಯಾದ ಜನ ಅದನ್ನು ಕರೆಯುವುದು ‘ತಾಖಿ’ ಎಂದು. ಅವರ ಭಾಷೆಯಲ್ಲಿ ಪೂಜೆ, ಆರಾಧನೆ ಎಂಬರ್ಥದ ಮಾತಿಗೆ ಹತ್ತಿರದ ಪದ ಅದು. ಹೊರಜಗತ್ತಿಗೆ ಪರಿಚಯವಾದದ್ದು ಮಾತ್ರ ಪ್ರಝೆವಾಲ್‌ಸ್ಕಿ ಕುದುರೆ ಎಂಬ ನಾಲಿಗೆ ತೊಡರುವ ಹೆಸರಿನಿಂದ. ನಿಕೊಲಾಯ್ ಪ್ರಝೆವಾಲ್‌ಸ್ಕಿ ರಷ್ಯಾದ ಸೇನಾಧಿಕಾರಿ, ಅಲೆಮಾರಿ ಅನ್ವೇಷಕ. 1878ರಲ್ಲಿ ರಷ್ಯಾದ ಗಡಿಯ ಹತ್ತಿರ ಅವನ ಕೈಗೆ ಒಂದು ಚರ್ಮ, ಒಂದು ತಲೆಬುರುಡೆ ಬಂತು. ಅದನ್ನು ಪರೀಕ್ಷಿಸಿ 1881ರಲ್ಲಿ ಅವನ ಹೆಸರಿಟ್ಟವನು ಪೊಲ್ಯಾಕೊವ್ ಎಂಬ ಪ್ರಾಣಿಶಾಸ್ತ್ರಜ್ಞ. ಪ್ರಝೆವಾಲ್‌ಸ್ಕಿ ಈ ಕುದುರೆಗಳ ಹಿಂಡನ್ನು ದೂರದಿಂದ ಕಂಡಿದ್ದ. ಬೇಟೆಯಾಡಲು ಹೋದರೆ ಒಂದೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಸಾವಿರಾರು ವರ್ಷದಿಂದ ಕುರಿಗಾಹಿಗಳಿಗೆ ಗೊತ್ತಿದ್ದ ಪ್ರಾಣಿಗೆ, ಅದರ ಹತ್ತಿರಕ್ಕೂ ಹೋಗಲಾಗದವನ ಹೆಸರು ಅಂಟಿತು. ಇಲ್ಲಿಂದ ಮುಂದೆ ನಾನು ತಾಖಿ ಎಂದೇ ಬರೆಯುತ್ತೇನೆ.

• ತಾಖಿಯನ್ನು ಗುರುತಿಸುವುದು ಸುಲಭ. ಕುತ್ತಿಗೆಯ ಕೂದಲು ಜೋತು ಬೀಳುವುದಿಲ್ಲ, ಪೊರಕೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಹಣೆಯ ಮೇಲೆ ಇಳಿಬೀಳುವ ಮುಂಗೂದಲಿಲ್ಲ. ಮೈ ಒಣಹುಲ್ಲಿನ ಬಣ್ಣ, ಹೊಟ್ಟೆ ಬಿಳಿಚು, ಮೂತಿಗೆ ಹಿಟ್ಟು ಮೆತ್ತಿದಂಥ ಬಿಳುಪು. ಬೆನ್ನ ಉದ್ದಕ್ಕೂ ಕಡುಕಂದು ಗೆರೆ, ಕಾಲುಗಳಲ್ಲಿ ಮಸುಕಾದ ಪಟ್ಟೆ. ಸಾಕುಕುದುರೆಯ ಕುತ್ತಿಗೆಗೂದಲು ಬೆಳೆಯುತ್ತಲೇ ಹೋಗುತ್ತದೆ; ತಾಖಿಯದ್ದು ವರ್ಷಕ್ಕೊಮ್ಮೆ ಮೈಗೂದಲಿನ ಜೊತೆಗೇ ಉದುರಿ ಹೊಸದಾಗಿ ಹುಟ್ಟುತ್ತದೆ.

• ಗಾತ್ರ? ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಭುಜದವರೆಗಿನ ಎತ್ತರ 122ರಿಂದ 142 ಸೆಂಟಿಮೀಟರ್, ತೂಕ ಸುಮಾರು 300 ಕಿಲೋ. ಗಿಡ್ಡ, ಗಟ್ಟಿ, ತಲೆ ದಪ್ಪ.

• ಸಾಕುಕುದುರೆಗೆ 64 ವರ್ಣತಂತುಗಳು, ತಾಖಿಗೆ 66. ಆದರೂ ಇವೆರಡು ಕೂಡಿದರೆ ಮರಿ ಹುಟ್ಟುತ್ತದೆ. ಆ ಮರಿಗೆ 65. ಕುದುರೆ ಮತ್ತು ಕತ್ತೆಗೆ ಹುಟ್ಟಿದ ಹೇಸರಗತ್ತೆ ಬಂಜೆ. ತಾಖಿಯ ಈ ಬೆರಕೆ ಮರಿ ಬಂಜೆಯಲ್ಲ, ಮುಂದೆ ತಾನೂ ಮರಿ ಹಾಕುತ್ತದೆ. ಓದುವಾಗ ಇದು ಸೋಜಿಗದ ಸಂಗತಿ. ತಾಖಿಯ ಪಾಲಿಗೆ ಇದೇ ದೊಡ್ಡ ಅಪಾಯ. ಅದಕ್ಕೆ ಮತ್ತೆ ಬರುತ್ತೇನೆ.

• ಅಮೆರಿಕದ ಮಸ್ಟಾಂಗ್ ಕಾಡುಕುದುರೆಯಲ್ಲವೇ? ಅಲ್ಲ. ಸ್ಪೇನಿನವರು ಹಡಗಿನಲ್ಲಿ ತಂದ ಸಾಕುಕುದುರೆಗಳು ತಪ್ಪಿಸಿಕೊಂಡು ಕಾಡುಪಾಲಾದವು, ಅವುಗಳ ಸಂತತಿ ಅದು.

• ನಮ್ಮಲ್ಲಿ? ಚರಿತ್ರೆಗೆ ತಿಳಿದಂತೆ ನಮ್ಮ ಕಡೆ ಕಾಡುಕುದುರೆ ಇರಲಿಲ್ಲ. ವಿಜಯನಗರದ ಅರಸರು ಕುದುರೆಗಳನ್ನು ಅರಬ್ಬೀ ನಾಡುಗಳಿಂದ ಹಡಗಿನಲ್ಲಿ ತರಿಸಿ ಭಟ್ಕಳದಂಥ ಬಂದರುಗಳಲ್ಲಿ ಇಳಿಸಿಕೊಳ್ಳುತ್ತಿದ್ದರು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ ವ್ಯಾಪಾರಿಗಳು ಇಂದಿಗೂ ಸಾಲಾಗಿ ನಡೆಯುತ್ತಿದ್ದಾರೆ. ಭಾರತದಲ್ಲಿ ತಾಖಿಯ ದಾಯಾದಿಗಳು ಬೇಕೆಂದರೆ ಕಛ್‌ನ ಚಿಕ್ಕ ರಣಕ್ಕೋ ಲಡಾಖಿಗೋ ಹೋಗಬೇಕು. ಅಲ್ಲಿರುವವು ಕಾಡುಕತ್ತೆಗಳು. ಕಛ್‌ನ ಕಾಡುಕತ್ತೆಯೂ 1960ರ ದಶಕದಲ್ಲಿ ಕೆಲವೇ ನೂರಕ್ಕೆ ಕುಸಿದಿತ್ತು. 2020ರ ಗಣತಿಯಲ್ಲಿ ಸಿಕ್ಕ ಸಂಖ್ಯೆ 6,082.

• ತಾಖಿಯನ್ನು ಕೊನೆಗಾಣಿಸಿದ್ದು ಯಾವುದೋ ಒಂದೇ ಕಾರಣವಲ್ಲ. ಮಾಂಸಕ್ಕಾಗಿ ಬೇಟೆ ನಡೆಯಿತು. ದನಕುರಿಗಳ ಹಿಂಡು ಹೆಚ್ಚಿದಂತೆ ಒಳ್ಳೆಯ ಹುಲ್ಲು, ನೀರಿನ ಒರತೆಗಳೆಲ್ಲ ಅವುಗಳ ಪಾಲಾದವು. ತಾಖಿ ಹಿಂದೆ ಸರಿಯುತ್ತ ಸರಿಯುತ್ತ ಗೋಬಿ ಮರುಭೂಮಿಯ ಅಂಚಿಗೆ ಬಂದು ನಿಂತಿತು. ಅದರ ಮೇಲೆ 1945, 1948, 1956ರ ಕಡುಚಳಿಗಾಲಗಳು. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಕೊನೆಯ ತಾಖಿಗಳು ಗೋಬಿಯಲ್ಲಿ ಕಂಡವು ಎಂದ ಮಾತ್ರಕ್ಕೆ ಅದು ಮರುಭೂಮಿಯ ಪ್ರಾಣಿಯಲ್ಲ. ಅದು ಹುಲ್ಲಿನ ಪ್ರಾಣಿ. ಹುಲ್ಲು ಕೈತಪ್ಪಿದ ಮೇಲೆ ಹೋಗಿ ಸೇರಿದ ಜಾಗ ಗೋಬಿ.

• ಯುರೋಪಿನ ಶ್ರೀಮಂತರಿಗೆ 1900ರ ಸುಮಾರಿಗೆ ತಾಖಿಯ ಹುಚ್ಚು ಹಿಡಿಯಿತು. ಉಕ್ರೇನಿನ ಅಸ್ಕಾನಿಯಾ ನೋವಾದ ಜಮೀನ್ದಾರ ಫಾಲ್ಟ್ಸ್-ಫೈನ್ ಮರಿಗಳನ್ನು ತರಿಸಿಕೊಂಡ. ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕ್ ತನಗೂ ಬೇಕೆಂದ. ಹ್ಯಾಂಬರ್ಗಿನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ ತನ್ನವರನ್ನು ಕಳಿಸಿದ. ದೊಡ್ಡ ಕುದುರೆಗಳನ್ನು ಹಿಡಿಯುವುದು ಆಗದ ಮಾತು. ಆದ್ದರಿಂದ ಮರಿಗಳು ಸೋತು ನಿಲ್ಲುವವರೆಗೂ ಹಿಂಡನ್ನು ಅಟ್ಟಿದರು. ಅಡ್ಡ ಬಂದ ತಾಯಿತಂದೆಗಳಿಗೆ ಗುಂಡು. ಹಾಲುಣಿಸಲು ಸಾಕು ಹೆಣ್ಣುಕುದುರೆಗಳನ್ನು ಜೊತೆಗೊಯ್ದಿದ್ದರು. ಐವತ್ತಕ್ಕೂ ಹೆಚ್ಚು ಮರಿಗಳು ಸೆರೆಸಿಕ್ಕವು. 1901ರಲ್ಲಿ ಹ್ಯಾಂಬರ್ಗಿಗೆ ಜೀವಸಹಿತ ತಲುಪಿದ್ದು 28. ಈ ಲೆಕ್ಕವನ್ನು ಓದಿದಾಗಲೆಲ್ಲ ನನಗೆ ಮನಸ್ಸು ಕಹಿಯಾಗುತ್ತದೆ. ಆದರೆ ಆ ಕ್ರೂರ ಬೇಟೆಯಲ್ಲಿ ಬದುಕಿ ಉಳಿದ ಮರಿಗಳಿಲ್ಲದೆ ಹೋಗಿದ್ದರೆ ಇವತ್ತು ತಾಖಿಯೇ ಇರುತ್ತಿರಲಿಲ್ಲ. ಎರಡೂ ನಿಜ.

• ಎರಡನೆಯ ಮಹಾಯುದ್ಧ ಅಸ್ಕಾನಿಯಾ ನೋವಾದ ಹಿಂಡನ್ನು ನುಂಗಿತು. 1945ರಲ್ಲಿ ಸೆರೆಯಲ್ಲಿ ಬದುಕಿದ್ದ ತಾಖಿಗಳು ಇಡೀ ಲೋಕದಲ್ಲಿ 31. ಅವುಗಳಲ್ಲಿ ವಂಶ ಮುಂದುವರಿಸಿದ್ದು ಒಂಬತ್ತೇ. ಒಂದಷ್ಟು ಗಟ್ಟಿಯಾಗಿ ಮರಿ ಹಾಕುತ್ತಿದ್ದ ಹಿಂಡುಗಳಿದ್ದದ್ದು ಎರಡು ಊರುಗಳಲ್ಲಿ, ಪ್ರಾಗ್ ಮತ್ತು ಮ್ಯೂನಿಕ್.

• ಒಂಬತ್ತರ ಜೊತೆಗೆ ಒಬ್ಬಳು ಸೇರಿಕೊಂಡಳು. ಹೆಸರು ಓರ್ಲಿತ್ಸಾ. 1947ರಲ್ಲಿ ಮಂಗೋಲಿಯಾದಲ್ಲಿ ಮರಿಯಾಗಿದ್ದಾಗ ಸಿಕ್ಕವಳು. 1957ರಲ್ಲಿ ಅಸ್ಕಾನಿಯಾ ನೋವಾಕ್ಕೆ ಹೋದಳು. ಬಯಲಿನಲ್ಲಿ ಹುಟ್ಟಿ ಸೆರೆಯ ವಂಶಕ್ಕೆ ರಕ್ತ ಕೊಟ್ಟ ಕೊನೆಯ ಕುದುರೆ ಅವಳು. ಇವತ್ತಿನ ಎಲ್ಲ ತಾಖಿಗಳೂ ಕಾಡಿನಿಂದ ಹಿಡಿದು ತಂದ ಸುಮಾರು ಒಂದು ಡಜನ್ ಕುದುರೆಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು.

• ಇಷ್ಟು ಕಡಿಮೆ ಕುದುರೆಗಳನ್ನು ಬೆಸೆದು ಬೆಸೆದು ವಂಶ ಉಳಿಸುವುದೆಂದರೆ ಲೆಕ್ಕ ತಪ್ಪುವಂತಿಲ್ಲ. ಅಣ್ಣತಂಗಿಯರೇ ಕೂಡಿದರೆ ಮರಿ ಬಡಕಲಾಗುತ್ತದೆ, ಬೇಗ ಸಾಯುತ್ತದೆ, ಹುಟ್ಟುವುದೇ ಕಡಿಮೆಯಾಗುತ್ತದೆ. ಇಲ್ಲಿ ತಾಖಿಯನ್ನು ಕಾಪಾಡಿದ್ದು ಒಂದು ಪುಸ್ತಕ. ಜರ್ಮನಿಯ ಪ್ರಾಣಿಶಾಸ್ತ್ರಜ್ಞೆ ಎರ್ನಾ ಮೋರ್ ಲೋಕದ ಮೃಗಾಲಯಗಳ ದಾಖಲೆಗಳನ್ನೆಲ್ಲ ಜಾಲಾಡಿ ಪ್ರತಿಯೊಂದು ತಾಖಿಗೂ ಕ್ರಮಸಂಖ್ಯೆ ಕೊಟ್ಟು, ತಂದೆ ಯಾರು ತಾಯಿ ಯಾರು ಎಂದು ಬರೆದಿಟ್ಟರು. 1959ರಿಂದ ಆ ವಂಶಾವಳಿ ಪುಸ್ತಕವನ್ನು ಪ್ರಾಗ್ ಮೃಗಾಲಯ ನೋಡಿಕೊಳ್ಳುತ್ತಿದೆ. ಯಾವ ದೇಶದಲ್ಲಿ ತಾಖಿ ಮರಿ ಹಾಕಿದರೂ ಅಲ್ಲಿ ಒಂದು ಸಾಲು ಸೇರುತ್ತದೆ. ಬಂದೂಕು ಹಿಡಿದು ಕಾಯುವವರ ಶೌರ್ಯವನ್ನು ನಾವು ಹೊಗಳುತ್ತೇವೆ. ಮೇಜಿನ ಮುಂದೆ ಕೂತು ಅರವತ್ತು ವರ್ಷಕ್ಕೂ ಮಿಕ್ಕಿ ತಪ್ಪದೆ ಬರೆದುಕೊಂಡು ಬಂದವರ ಶೌರ್ಯ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

• ಆ ಪುಸ್ತಕದಲ್ಲಿ ತಾಖಿಯಲ್ಲದ ಒಂದು ಕುದುರೆಯ ಸಾಲೂ ಇದೆ! ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಮಂಗೋಲಿಯಾದ ಸಾಕು ಹೆಣ್ಣುಕುದುರೆಯೊಂದಕ್ಕೆ ತಾಖಿಯಿಂದ ಮರಿ ಹುಟ್ಟಿತ್ತು. ಆ ರಕ್ತ ಪ್ರಾಗ್ ಹಿಂಡಿಗೆ ಹರಿಯಿತು. ಮ್ಯೂನಿಕ್ಕಿನವರು ತಮ್ಮದೇ ಶುದ್ಧ ತಳಿ ಎಂದು ಪಟ್ಟು ಹಿಡಿದು ಆ ಬೆರಕೆಯನ್ನು ಬಹುಕಾಲ ದೂರವಿಟ್ಟರು.

• 1969. ಮಂಗೋಲಿಯಾದ ವಿಜ್ಞಾನಿ ದೊವ್ಚಿನ್ ಝುಂಗಾರಿಯಾದ ಗೋಬಿಯಲ್ಲಿ ಒಂದು ಒರತೆಯ ಬಳಿ ಒಂಟಿ ಗಂಡು ತಾಖಿಯನ್ನು ಕಂಡರು. ಸುತ್ತಲಿನ ಬೆಟ್ಟಸಾಲಿನ ಹೆಸರೇ ತಾಖಿನ್ ಶಾರ್ ನುರು, ಅಂದರೆ ತಾಖಿಯ ಹಳದಿ ಬೆಟ್ಟಗಳು. ಹಿಂಡಿಲ್ಲ, ಹೆಣ್ಣಿಲ್ಲ, ಮರಿಯಿಲ್ಲ. ಅದಾದ ಮೇಲೆ ಕಾಡಿನಲ್ಲಿ ತಾಖಿಯನ್ನು ಕಂಡವರಿಲ್ಲ.

• ಅದನ್ನು ಮರಳಿ ತರುವ ಹಠ ಹಿಡಿದವರಲ್ಲಿ ದೊಡ್ಡ ಸಂಸ್ಥೆಗಳಷ್ಟೇ ಇರಲಿಲ್ಲ. ನೆದರ್ಲೆಂಡ್ಸಿನ ಯಾನ್ ಮತ್ತು ಇಂಗೆ ಬೌಮನ್ ದಂಪತಿ 1977ರಲ್ಲಿ ರಾಟರ್‌ಡ್ಯಾಮಿನಲ್ಲಿ ಈ ಕುದುರೆಗಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದರು. ಬೇರೆಬೇರೆ ಮೃಗಾಲಯಗಳಲ್ಲಿ ಚದುರಿದ್ದ ತಾಖಿಗಳ ರಕ್ತಸಂಬಂಧವನ್ನು ತಾಳೆನೋಡಿ, ದೂರದ ಸಂಬಂಧದವನ್ನು ಆಯ್ದು, ವಿಶಾಲವಾದ ಬೇಲಿಯೊಳಗಿನ ಹುಲ್ಲಿನಲ್ಲಿ ಹಿಂಡಾಗಿ ಬದುಕುವುದನ್ನು ರೂಢಿಸಿದರು. ಹದಿನೈದು ವರ್ಷ ಕಾಯ್ದರು.

• 1992ರ ಜೂನ್ 5, ವಿಶ್ವ ಪರಿಸರ ದಿನ. ಮೊದಲ ತಂಡದ 16 ತಾಖಿಗಳು ಮಂಗೋಲಿಯಾಕ್ಕೆ ಬಂದಿಳಿದು ಹುಸ್ತಾಯಿ ಬೆಟ್ಟಸಾಲಿಗೆ ಹೊರಟವು. ಹುಸ್ತಾಯಿ ಎಂದರೆ ಬರ್ಚ್ ಮರಗಳಿರುವ ಜಾಗ. ರಾಜಧಾನಿ ಉಲಾನ್‌ಬಾತರಿನಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್. ಅದೇ ವರ್ಷ ಗೋಬಿಯ ತಾಖಿನ್ ತಾಲ್ ಎಂಬಲ್ಲಿಗೂ ತಾಖಿಗಳು ಬಂದವು. 2000ದ ಹೊತ್ತಿಗೆ ಐದು ಸಲ ಸಾಗಿಸಿ ಹುಸ್ತಾಯಿಗೆ ಒಟ್ಟು 84 ಕುದುರೆಗಳನ್ನು ತಂದಿದ್ದರು. 2004ರಲ್ಲಿ ಫ್ರಾನ್ಸಿನ ಸೆವೆನ್ ಬೆಟ್ಟನಾಡಿನಲ್ಲಿ ಬೆಳೆದ ಹಿಂಡು ಖೊಮಿನ್ ತಾಲ್ ಎಂಬ ಮೂರನೆಯ ಜಾಗಕ್ಕೆ ಬರತೊಡಗಿತು. ಚೀನಾದವರು 1980ರ ದಶಕದಲ್ಲಿ ಷಿನ್‌ಜಿಯಾಂಗಿನಲ್ಲಿ ತಳಿ ಬೆಳೆಸಲು ಶುರುಮಾಡಿ 2001ರಲ್ಲಿ 27 ಕುದುರೆಗಳನ್ನು ಕಲಮೈಲಿ ಬಯಲಿಗೆ ಬಿಟ್ಟರು.

• ತಂದ ದಿನವೇ ಬೇಲಿ ತೆರೆದರೆ ಮುಗಿಯಿತೇ? ಮುಗಿಯಲಿಲ್ಲ. ಹತ್ತಾರು ತಲೆಮಾರು ಬೇಲಿಯೊಳಗೆ ಹುಟ್ಟಿ ಬೆಳೆದ ಕುದುರೆಗೆ ತೋಳ ಎಂದರೇನೆಂದೇ ಗೊತ್ತಿರಲಿಲ್ಲ. ಹಿಮ ಕೆರೆದು ಅಡಿಯ ಹುಲ್ಲು ಹುಡುಕುವುದು ಗೊತ್ತಿರಲಿಲ್ಲ. ಒಂದೆರಡು ವರ್ಷ ದೊಡ್ಡ ಆವರಣದಲ್ಲಿಟ್ಟು ಹವಾಮಾನಕ್ಕೆ ಒಗ್ಗಿಸಿದರು. ತಾಖಿನ್ ತಾಲಿನಲ್ಲಿ ಉಣ್ಣೆಹುಳು ಹರಡುವ ರಕ್ತದ ರೋಗ ಹಲವು ಕುದುರೆಗಳನ್ನು ಬಲಿ ತೆಗೆದುಕೊಂಡಿತು. ಅಲ್ಲೇ ಹುಟ್ಟಿ ಬೆಳೆದ ಸಾಕುಕುದುರೆಗಳಿಗೆ ಮರಿಯಲ್ಲೇ ತಾಗಿ ಮೈಗೂಡುವ ಸೋಂಕು ಅದು, ಹೊರಗಿನಿಂದ ಬಂದವಕ್ಕೆ ಮೃತ್ಯುವಾಯಿತು. ಹುಸ್ತಾಯಿಯ ಮೊದಲ ಹಿಂಡುಗಳಿಗೆ ಬೇಲಿ ತೆರೆದದ್ದು 1994ರಲ್ಲಿ, ತಾಖಿನ್ ತಾಲಿನ ಹಿಂಡಿಗೆ 1997ರಲ್ಲಿ.

• ತೋಳ ಬಂದರೆ ಏನು ಮಾಡುತ್ತವೆ? ಮರಿಗಳನ್ನು ನಡುವೆ ಬಿಟ್ಟುಕೊಂಡು ಹೆಣ್ಣುಕುದುರೆಗಳು ಸುತ್ತ ನಿಲ್ಲುತ್ತವೆ. ಹಿಂಡಿನ ಗಂಡು ಹೊರಗೆ ಓಡಾಡುತ್ತ ತೋಳವನ್ನು ಎದುರಿಸುತ್ತದೆ. ಬೇಲಿಯೊಳಗೆ ತಲೆಮಾರುಗಳೇ ಕಳೆದರೂ ಈ ಹುಟ್ಟುಬುದ್ಧಿ ಅಳಿಯಲಿಲ್ಲ. ಹಾಗಿದ್ದೂ ಹುಸ್ತಾಯಿಯಲ್ಲಿ ತೋಳಗಳು ಪ್ರತಿವರ್ಷ ಒಂದಷ್ಟು ಮರಿಗಳನ್ನು ಒಯ್ಯುತ್ತವೆ. ಕಾಡು ಎಂದರೆ ಅದೂ ಸೇರಿಯೇ.

• ತಾಖಿಯ ಸಂಸಾರ ಒಂದು ಗಂಡು, ಕೆಲವು ಹೆಣ್ಣು, ಅವುಗಳ ಮರಿಗಳು. ಬೆಳೆದ ಗಂಡುಮಕ್ಕಳು ಹೊರಬಿದ್ದು ಬ್ರಹ್ಮಚಾರಿಗಳ ಬೇರೆ ಗುಂಪು ಕಟ್ಟಿಕೊಳ್ಳುತ್ತವೆ. ಗರ್ಭ ಹನ್ನೊಂದು ತಿಂಗಳು. ಮರಿ ಹುಟ್ಟುವುದು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್, ಹುಲ್ಲು ಚಿಗುರುವ ಹೊತ್ತಿಗೆ ಸರಿಯಾಗಿ.

• ಚಳಿಗಾಲದಲ್ಲಿ ತಾಖಿ ತನ್ನ ಮೈಯ ಒಲೆಯ ಉರಿಯನ್ನೇ ತಗ್ಗಿಸಿಕೊಳ್ಳುತ್ತದೆ. ಆಸ್ಟ್ರಿಯಾದ ವಿಜ್ಞಾನಿಗಳು ಕುದುರೆಗಳಿಗೆ ಸಾಧನ ಅಳವಡಿಸಿ ವರ್ಷವಿಡೀ ಅಳೆದಾಗ ಎದೆಬಡಿತ, ಓಡಾಟ, ಚರ್ಮದಡಿಯ ಬಿಸಿ ಎಲ್ಲವೂ ಚಳಿಗಾಲದಲ್ಲಿ ಇಳಿದಿದ್ದವು. ಕರಡಿಯ ಹಾಗೆ ಮಲಗುವುದಿಲ್ಲ, ನಿಂತಲ್ಲೇ ಮಿತವ್ಯಯ.

• ಹೀಗಿದ್ದೂ ಸಾಲದ ಚಳಿಗಾಲವೊಂದಿದೆ. ಮಂಗೋಲಿಯಾದವರು ಅದಕ್ಕೆ ‘ಜುಡ್’ ಎನ್ನುತ್ತಾರೆ. ಬೇಸಿಗೆಯಲ್ಲಿ ಬರ, ಅದರ ಬೆನ್ನಿಗೆ ಹಿಮ, ಹಿಮದ ಮೇಲೆ ಕಲ್ಲಾದ ಮಂಜುಗಡ್ಡೆ. ಹುಲ್ಲು ಕಾಲಡಿಯಲ್ಲೇ ಇರುತ್ತದೆ, ಬಾಯಿಗೆ ಸಿಗುವುದಿಲ್ಲ. 2009–10ರ ಜುಡ್ ಇಡೀ ದೇಶದಲ್ಲಿ ಲಕ್ಷಾಂತರ ದನಕುರಿಗಳನ್ನು ಕೊಂದಿತು. ಗೋಬಿಯ ತಾಖಿಗಳಲ್ಲಿ ಸುಮಾರು ಶೇಕಡಾ 60ರಷ್ಟು ಸತ್ತವು. ಹದಿನೆಂಟು ವರ್ಷದ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ಚಳಿಗಾಲದಲ್ಲಿ ಹೋಯಿತು. ಅದೇ ಗೋಬಿಯ ಕಾಡುಕತ್ತೆಗಳು ಹೆಚ್ಚು ಸಾಯದೆ ಉಳಿದವು. ಕಾರಣ ಅವುಗಳ ಅಲೆದಾಟ: ಒಂದು ಕಾಡುಕತ್ತೆ ಸುತ್ತಾಡುವ ಹರವು 4,449ರಿಂದ 6,835 ಚದರ ಕಿಲೋಮೀಟರ್, ತಾಖಿಯ ಹಿಂಡಿನದ್ದು 152ರಿಂದ 826. ಕತ್ತೆಗಳು ಹಿಮ ಕಡಿಮೆಯಿದ್ದ ಕಡೆಗೆ ನಡೆದುಹೋದವು. ತಾಖಿಗಳು ತಮಗೆ ಗೊತ್ತಿದ್ದ ಹುಲ್ಲನ್ನು ಬಿಟ್ಟು ಕದಲಲಿಲ್ಲ. ಎಲ್ಲ ಕುದುರೆಗಳನ್ನೂ ಒಂದೇ ಕಣಿವೆಯಲ್ಲಿಡಬಾರದು ಎಂಬುದು ಆ ವರ್ಷ ಎಲ್ಲರಿಗೂ ಅರ್ಥವಾಯಿತು.

• 2011ರಿಂದ 2019ರವರೆಗೆ ಪ್ರಾಗ್ ಮೃಗಾಲಯ ಒಂಬತ್ತು ಸಲ ವಿಮಾನದಲ್ಲಿ ತಾಖಿಗಳನ್ನು ಮಂಗೋಲಿಯಾಕ್ಕೆ ತಲುಪಿಸಿತು. ಒಯ್ದದ್ದು ಜೆಕ್ ಸೇನೆಯ ಸರಕು ವಿಮಾನಗಳು.

• ವಿನಾಶದ ಅಂಚಿನಿಂದ ಮೇಲೇರಿ ಬಂದ ಬಗೆ ನೋಡಿ. ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಐಯುಸಿಎನ್ ಕೆಂಪುಪಟ್ಟಿಯಲ್ಲಿ 1996ರಲ್ಲಿ ‘ಕಾಡಿನಲ್ಲಿ ನಿರ್ನಾಮ’. 2008ರಲ್ಲಿ ‘ತೀವ್ರ ಅಪಾಯದಲ್ಲಿದೆ’. 2011ರಲ್ಲಿ ‘ಅಪಾಯದಲ್ಲಿದೆ’. ನಿರ್ನಾಮ ಎಂಬ ಮನೆಯಿಂದ ಹೊರಬಂದ ಪ್ರಾಣಿಗಳು ಬೆರಳೆಣಿಕೆಯಷ್ಟು.

• ಚೆರ್ನೋಬಿಲ್‌ನಲ್ಲೂ ತಾಖಿಗಳಿವೆ! ಅಣುದುರಂತದ ಬಳಿಕ ಜನ ತೆರವಾದ ಪ್ರದೇಶಕ್ಕೆ 1998–99ರಲ್ಲಿ ಮೂವತ್ತರಷ್ಟು ಕುದುರೆಗಳನ್ನು ಬಿಟ್ಟರು. ಈಗ ನೂರಕ್ಕೂ ಹೆಚ್ಚಿವೆ. ಮನುಷ್ಯರು ಬಿಟ್ಟುಹೋದ ಕೊಟ್ಟಿಗೆಗಳೊಳಗೆ ಅವು ನೊಣಗಳ ಕಾಟ ತಪ್ಪಿಸಿಕೊಂಡು ನಿಂತಿರುವುದನ್ನು ಕ್ಯಾಮೆರಾಗಳು ಸೆರೆಹಿಡಿದಿವೆ. ಹಂಗೇರಿಯ ಹೊರ್ತೊಬಾಜ್ ಬಯಲಿಗೆ 1997ರಲ್ಲಿ ಹೋದ ಹಿಂಡು ಮುನ್ನೂರರ ಆಸುಪಾಸಿಗೆ ಬೆಳೆಯಿತು. ಪ್ರಾಗ್ ನಗರದ ಅಂಚಿನ ದೀವ್ಚಿ ಹ್ರಾದಿ ಗುಡ್ಡದ ಮೇಲೂ 2021ರಿಂದ ತಾಖಿಗಳು ಮೇಯುತ್ತಿವೆ. ಕೆಳಗೆ ಬೀದಿ, ಮೇಲೆ ಕುದುರೆ.

• ತಾಖಿ ಎಂದೂ ಪಳಗದ ಕುದುರೆಯೇ? 2018ರಲ್ಲಿ ಈ ನಂಬಿಕೆಗೆ ಪೆಟ್ಟು ಬಿತ್ತು. ಕಝಾಕಸ್ತಾನದ ಬೊತಾಯ್ ಎಂಬಲ್ಲಿ ಸುಮಾರು 5,500 ವರ್ಷ ಹಿಂದಿನ ಜನವಸತಿ ಸಿಕ್ಕಿತ್ತು, ರಾಶಿರಾಶಿ ಕುದುರೆ ಎಲುಬುಗಳ ಸಮೇತ. ಆ ಎಲುಬುಗಳ ಡಿಎನ್‌ಎ ಓದಿದವರು, ತಾಖಿಗಳು ಬೊತಾಯ್ ಕುದುರೆಗಳ ವಂಶದವು, ಅಂದರೆ ಒಂದು ಕಾಲಕ್ಕೆ ಜನ ಸಾಕಿದ್ದು, ಆಮೇಲೆ ಕಾಡಿಗೆ ಹೋದವು ಎಂದರು. ಬೊತಾಯ್ ಜನ ಕುದುರೆಗಳನ್ನು ಸಾಕಿರಲೇ ಇಲ್ಲ, ಬೇಟೆಯಾಡುತ್ತಿದ್ದರು ಅಷ್ಟೆ ಎಂದು 2021ರಲ್ಲಿ ಬೇರೆಯವರು ವಾದಿಸಿದರು. ವಾದ ಮುಗಿದಿಲ್ಲ. ತಾಖಿ ನಮ್ಮ ಸಾಕುಕುದುರೆಗಳ ತಾಯಿಬೇರಲ್ಲ, ಪಕ್ಕದ ಕವಲು ಎಂಬುದು ಮಾತ್ರ ಖಚಿತವಾಯಿತು. ಮುತ್ತಜ್ಜ ಯಾರದೋ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಂಡಿದ್ದರೂ ಐದು ಸಾವಿರ ವರ್ಷ ಬಯಲಿನಲ್ಲಿ ತೋಳದೊಡನೆ ಬಾಳಿದ ಪ್ರಾಣಿಯನ್ನು ಕಾಡುಕುದುರೆ ಎನ್ನಲು ನನಗೆ ಯಾವ ಅಳುಕೂ ಇಲ್ಲ.

• 1980ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದವರು ಒಂದು ಗಂಡು ತಾಖಿಯ ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದರು. ವಂಶಾವಳಿಯಲ್ಲಿ ಅದರ ಸಂಖ್ಯೆ 615. ಅದು 1998ರಲ್ಲಿ ಸತ್ತಿತು. 2020ರ ಆಗಸ್ಟ್‌ನಲ್ಲಿ ಆ ಕೋಶದಿಂದಲೇ ಟೆಕ್ಸಾಸಿನಲ್ಲಿ ಒಂದು ಮರಿ ಹುಟ್ಟಿತು. ಹೆತ್ತವಳು ಸಾಕುಕುದುರೆ. ಮರಿಯ ಹೆಸರು ಕರ್ಟ್. ಈಗಿನ ಹಿಂಡುಗಳಲ್ಲಿ ಕಳೆದುಹೋಗುತ್ತಿರುವ ಗುಣಗಳು 615ರ ರಕ್ತದಲ್ಲಿದ್ದವು, ಆದ್ದರಿಂದ ಈ ಪ್ರಯತ್ನ. ಆದರೆ ಕರ್ಟ್‌ಗೆ ತಾಖಿಯ ಮೈ ಇತ್ತೇ ಹೊರತು ತಾಖಿಯ ನಡೆ ಗೊತ್ತಿರಲಿಲ್ಲ; ಸಾಕುಕುದುರೆಯ ಮಡಿಲಲ್ಲಿ ಬೆಳೆದವನಲ್ಲವೇ. ಹಾಗಾಗಿ ಹಾಲಿ ಎಂಬ ಎಳೆಯ ಹೆಣ್ಣು ತಾಖಿಯನ್ನು ಜೊತೆಗೆ ಬಿಟ್ಟರು. ಯಾವಾಗ ಸರಿದು ನಿಲ್ಲಬೇಕು, ಯಾವಾಗ ಕಿವಿ ಹಿಂದಕ್ಕೆ ಮಡಚಬೇಕು ಎಂಬುದನ್ನೆಲ್ಲ ಅವನು ಕಲಿತದ್ದು ಅವಳಿಂದ. 2023ರಲ್ಲಿ ಅದೇ ಕೋಶಗಳಿಂದ ಆಲಿ ಎಂಬ ಇನ್ನೊಂದು ಮರಿ ಹುಟ್ಟಿತು.

• ಈಗ, ದೊಡ್ಡ ಅಪಾಯ ಎಂದು ಮೊದಲು ಹೇಳಿದ್ದ ಆ ಬೆರಕೆಯ ಮಾತು. ಮಂಗೋಲಿಯಾದಲ್ಲಿ ಜನರಿಗಿಂತ ಕುದುರೆಗಳೇ ಹೆಚ್ಚು. ಸಾಕುಕುದುರೆಗಳು 40 ಲಕ್ಷಕ್ಕೂ ಮೇಲೆ. ಹಿಂಡು ಸಿಗದ ಒಂಟಿ ಗಂಡು ತಾಖಿ ಹೋಗಿ ಕುರಿಗಾಹಿಗಳ ಹೆಣ್ಣುಕುದುರೆಗಳನ್ನು ಸೇರಿಕೊಂಡರೆ ನಾಲ್ಕಾರು ತಲೆಮಾರಿನಲ್ಲಿ ತಾಖಿಯ ರಕ್ತ ನೀರಿಗೆ ಬಿದ್ದ ಉಪ್ಪಿನಂತೆ ಕರಗಿಹೋಗುತ್ತದೆ. ಕಾವಲುಗಾರರು ಅಂಚಿನ ಹಿಂಡುಗಳ ಮೇಲೆ ಕಣ್ಣಿಡುವುದು ಬೇಟೆಗಾರರಿಗಿಂತ ಹೆಚ್ಚಾಗಿ ಇದಕ್ಕಾಗಿ.

• ಹುಸ್ತಾಯಿಯ ಕಾವಲು ಇಲ್ಲದೆ ಹೋಗಿದ್ದರೆ ಕುದುರೆಗೆ ಹುಲ್ಲು ಸಿಗುತ್ತಿರಲಿಲ್ಲ, ಇದು ನನಗೆ ಬಹಳ ಮುಖ್ಯವೆನಿಸುವ ಸಂಗತಿ. 50,000 ಹೆಕ್ಟೇರಿನಷ್ಟು ಜಾಗವನ್ನು ತಾಖಿಗಾಗಿ ಕಾಪಾಡಿ, 1998ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಸಾರಿದರು. ದನಕುರಿಗಳ ಮೇವು ನಿಂತ ಮೇಲೆ ಹುಲ್ಲು ದಟ್ಟವಾಯಿತು. ಹುಲ್ಲಿನ ಜೊತೆಗೆ ಮರ್ಮಟ್ ಎಂಬ ಬಿಲವಾಸಿ, ಕೆಂಪು ಜಿಂಕೆ, ತೋಳ, ಹದ್ದುಗಳಿಗೂ ನೆಲೆಯಾಯಿತು. ಮರವಿಲ್ಲದ ಬಯಲನ್ನು ಕಂಡರೆ ಪಾಳು ಎಂದುಕೊಳ್ಳುವುದು ನಮಗೆಲ್ಲ ರೂಢಿ. ಹುಲ್ಲೂ ಒಂದು ಕಾಡು.

• ಕಝಾಕಸ್ತಾನದ ಬಯಲಿನಿಂದ ತಾಖಿ ಕಾಣೆಯಾಗಿ ಸುಮಾರು 200 ವರ್ಷವಾಗಿತ್ತು. 2024ರ ಜೂನ್‌ನಲ್ಲಿ ಪ್ರಾಗ್ ಮತ್ತು ಬರ್ಲಿನ್‌ನಿಂದ ಏಳು ತಾಖಿಗಳು ಅಲ್ಲಿಗೆ ಬಂದವು. ಬಂದ ಜಾಗ ಅಲ್ತಿನ್ ದಲಾ, ಅಂದರೆ ಚಿನ್ನದ ಬಯಲು. ಅದೇ ಬಯಲಿನಲ್ಲಿ ಸೈಗಾ ಎಂಬ ಸೊಂಡಿಲಮೂತಿಯ ಹುಲ್ಲೆಗಳು 2015ರಲ್ಲಿ ಬ್ಯಾಕ್ಟೀರಿಯಾ ಸೋಂಕಿಗೆ ಕೆಲವೇ ವಾರಗಳಲ್ಲಿ ಎರಡು ಲಕ್ಷದಷ್ಟು ಸತ್ತಿದ್ದವು. ಮತ್ತೆ ಹತ್ತು ಲಕ್ಷ ದಾಟಿ ಬೆಳೆದಿವೆ. ಐದು ವರ್ಷದಲ್ಲಿ ನಲವತ್ತರಷ್ಟು ತಾಖಿಗಳನ್ನು ತರುವುದು ಅಲ್ಲಿಯವರ ಯೋಜನೆ.

• ಆ ಪ್ರಯಾಣಕ್ಕೆ ಹೊರಡಬೇಕಿದ್ದದ್ದು ಎಂಟು. ವಿಮಾನದಲ್ಲಿ ತಾಖಿ ಪೆಟ್ಟಿಗೆಯೊಳಗೆ ಇಡೀ ದಾರಿ ನಿಂತೇ ಇರಬೇಕು. ಮಲಗಿದರೆ ತನ್ನದೇ ಭಾರಕ್ಕೆ ಕಾಲುಗಳಲ್ಲಿ ರಕ್ತ ಓಡಾಡದೆ ಜೀವಕ್ಕೆ ಕುತ್ತು. ಎಂಟನೆಯದು ಹೊರಡುವ ಮೊದಲೇ ಕುಳಿತುಬಿಟ್ಟಿತು. ಅದನ್ನು ಇಳಿಸಿ ಪ್ರಾಗ್‌ಗೆ ವಾಪಸ್ ಕಳಿಸಿ, ಉಳಿದ ಏಳರೊಂದಿಗೆ ಹೊರಟರು.

• ನೋಡಬೇಕೆಂಬ ಆಸೆಯಿದ್ದವರಿಗೆ: ಹುಸ್ತಾಯಿಯಲ್ಲಿ ಈಗ ಸುಮಾರು 400 ತಾಖಿಗಳಿವೆ. ಬೇಸಿಗೆಯ ಹಗಲಿನಲ್ಲಿ ಅವು ಗಾಳಿ ಬೀಸುವ ಬೆಟ್ಟದ ತಲೆಯ ಮೇಲಿರುತ್ತವೆ, ಕಣ್ಣಿಗೆ ಬೀಳುವುದು ಕಷ್ಟ. ಸಂಜೆ ಬಿಸಿಲು ಇಳಿದ ಮೇಲೆ ಕಣಿವೆಯ ತೊರೆಗೆ ನೀರು ಕುಡಿಯಲು ಸಾಲಾಗಿ ಇಳಿದು ಬರುತ್ತವೆ. ಹತ್ತಿರ ಹೋಗಬಾರದು. ದೂರದಲ್ಲಿ, ಹುಲ್ಲಿನಲ್ಲಿ, ಸದ್ದಿಲ್ಲದೆ ಕುಳಿತಿರಬೇಕು.